ಅಫ್ರಮ್ಮ ಕರಗಿಸಿದ ಅರವತ್ತು ಪದಕ

ಆಗ್ಸ್‌ಬರ್ಗಿನ ನಮ್ಮ ಪದಕದಂಗಡಿಯಲ್ಲಿ, ದಾರ ಪೋಣಿಸಿ ಕೊರಳಿಗೆ ನೇತು ಹಾಕಲು ಪದಕದ ನೆತ್ತಿಗೆ ಕೊಂಡಿ ಬೆಸೆಯುವವಳು ಅಫ್ರಮ್ಮ. ತವರಕ್ಕೆ ಕೊಂಡಿ ಬೆಸೆಯುವುದು ನಾಜೂಕಿನ ಕೆಲಸ. ಉರಿ ತುಸು ಹೆಚ್ಚಾದರೆ ಪದಕವೇ ನೀರಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಅವಳು ಕೆಡಿಸಿದ್ದು ಮೂರು. ನಾನು ಅಚ್ಚು ಹೊಡೆಯುವ ಕೂಲಿಯವನು. ನಾನು ಕೆಡಿಸಿದ್ದೆಲ್ಲ ಯಜಮಾನ ಎಲಿಯಾಸರಿಗೆ ಬಾಯಿಪಾಠ.

ಅವಳು ಪೋಪನನ್ನು ನಂಬುವ ಕ್ಯಾಥೊಲಿಕ್; ಯಜಮಾನರೂ ನಾನೂ ಪೋಪನಿಗೆ ತಿರುಗಿಬಿದ್ದ ಲೂಥರನ ಮತದವರು. ಎರಡು ಮತಗಳ ಮೂವತ್ತು ವರ್ಷದ ಯುದ್ಧ ಮುಗಿದ ಮೇಲೆ ಎರಡು ಕಡೆಯವರ ಪದಕಗಳೂ ನಮ್ಮಲ್ಲೇ ಆಗುತ್ತಿದ್ದವು: ಅವರಿಗೆ ಮೇರಿ ಮಾತೆ, ನಮಗೆ ಲೂಥರ್. ಲೂಥರನ ನೆತ್ತಿಗೆ ಕೊಂಡಿ ಬೆಸೆಯುವಾಗಲೆಲ್ಲ ಅವಳು, "ಪೋಪ್ ಕೈಲಿ ಆಗದ್ದು ನನ್ನ ಕೈಲಿ ಆಗ್ತಿದೆ ನೋಡು, ದಿನಾ ಇವನನ್ನ ನೇತು ಹಾಕ್ತೀನಿ" ಎನ್ನುತ್ತಿದ್ದಳು. ಯಜಮಾನರು ಕೇಳಿಸದವರಂತೆ ಇರುತ್ತಿದ್ದರು.

ನಮ್ಮವರ ಶಾಂತಿ ಹಬ್ಬಕ್ಕೆ ಶಾಲೆಯ ಮಕ್ಕಳಿಗೆಂದು ಅರವತ್ತು ಪದಕ ಬೇಕಿತ್ತು. ಹಬ್ಬದ ಹಿಂದಿನ ಮಧ್ಯಾಹ್ನ ಅರವತ್ತನ್ನೂ ಹೊಡೆದು ಮುಗಿಸಿ, ನನ್ನ ಚುರುಕಿಗೆ ನಾನೇ ಬೆರಗಾಗಿ ನಿಂತಿದ್ದೆ. ಅಫ್ರಮ್ಮ ಒಂದನ್ನು ತಿರುಗಿಸಿ ನೋಡಿದಳು.

"ಮಗಾ, ಇವರಿಬ್ಬರನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂರಿಸಿದ್ದೀಯಲ್ಲ, ಪಂಚಾಯ್ತಿ ಮಾಡೋರು ಯಾರು?"

ಹಿಂದಿನ ವಾರದ ಮೇರಿಯ ಅಚ್ಚನ್ನು ಕೆಳಗಿನಿಂದ ತೆಗೆಯುವುದನ್ನೇ ನಾನು ಮರೆತಿದ್ದೆ. ಒಂದು ಕಡೆ ಲೂಥರ್, ಇನ್ನೊಂದು ಕಡೆ ಮೇರಿ, ಅರವತ್ತರಲ್ಲೂ.

ಬೇರೆ ತವರ ಇರಲಿಲ್ಲ. ಇವನ್ನೇ ಕರಗಿಸಬೇಕು. ಬೆಳಗಿಗೆ ಪದಕ ಸಿದ್ಧವಾಗದಿದ್ದರೆ ಶಾಲೆಯ ಕೆಲಸ ಎದುರಂಗಡಿಗೆ, ನೀನು ಬೀದಿಗೆ ಎಂದರು ಯಜಮಾನರು. ಆದರೆ ಬಾಣಲೆ ಕಾದಾಗ ಅವರ ಕೈಯೇ ಏಳಲಿಲ್ಲ. ಹಬ್ಬದ ಮುನ್ನಾದಿನ ಲೂಥರನನ್ನು ಬೆಂಕಿಗೆ ಹಾಕುವುದು ಹೇಗೆ? ನನಗೆ ಹಾಕಲು ಹೇಳಿದರು. ಅಫ್ರಮ್ಮನ ಎದುರಿಗೆ ಮೇರಿಯನ್ನು ಸುಡುವುದು ಸರಿಯಲ್ಲ ಎಂದೆ. ನಿಜ ಹೇಳುವುದಾದರೆ, ಅವಳ ಅಣ್ಣನ ಮಕ್ಕಳೆಲ್ಲ ಕಟುಕರು ಎಂಬುದು ನೆನಪಾಗಿತ್ತು.

ಅಫ್ರಮ್ಮ ಕೈ ಒರೆಸಿಕೊಂಡು ಪದಕಗಳ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

"ಮುತ್ತಿಗೆ ವರ್ಷ ನನ್ನ ಮಗಳ ದೀಕ್ಷಾಸ್ನಾನದ ಪದಕ ಕೊಟ್ಟು ಒಂದು ಬಟ್ಟಲು ಗಂಜಿ ತಂದಿದ್ದೆ, ಯಜಮಾನ್ರೇ. ಅದರಲ್ಲೂ ಮೇರಿನೇ ಇದ್ದಳು. ಊರಿನ ಹೊರಗೆ ದಾರಿ ಕಟ್ಟಿ ನಮ್ಮನ್ನ ಉಪವಾಸ ಕೆಡವಿದ್ದೋರು ನನ್ನ ಮತದ ಸೈನ್ಯದೋರೇ. ಮಗಳು ಉಳಿದಳು. ಈ ದಡ್ಡನೂ ಒಂದಿಷ್ಟು ದಿನ ಗಂಜಿ ಕುಡೀಲಿ."

ಒಂದೊಂದನ್ನೂ ಮೇರಿಯ ಮುಖ ತನಗೆ ಕಾಣದ ಹಾಗೆ ಮಗುಚಿ ಬಾಣಲೆಗೆ ಬಿಟ್ಟಳು. ತುಟಿ ಅಲುಗುತ್ತಿತ್ತು. ಎರಡನೆಯ ಸಲ ನಾನು ಹೊಡೆಯುವ ಮೊದಲು ಕೆಳಗಿನ ಅಚ್ಚನ್ನು ಅವಳೇ ಮುಟ್ಟಿ ನೋಡಿದಳು. ದೀಪ ಹಚ್ಚುವ ಹೊತ್ತಿಗೆ ಅರವತ್ತಕ್ಕೂ ಕೊಂಡಿ ಬಿದ್ದಿತ್ತು. ನನ್ನ ಕೆಲಸ ಉಳಿದಿತ್ತು.

ಶನಿವಾರ ಅವಳು ಪಾಪನಿವೇದನೆಗೆ ಹೋಗಿ ಬಂದಳು. ಪಾದ್ರಿಗಳು ಏನಂದರು ಎಂದು ಅಂಜುತ್ತಲೇ ಕೇಳಿದೆ.

"ಅರವತ್ತು ಸಲ ಮೇರಿ ಜಪ ಮಾಡು ಅಂದ್ರು. ಮೂವತ್ತು ನಾನು ಮುಗಿಸಿದೀನಿ. ಉಳಿದದ್ದು ನಿನ್ನ ಪಾಲು. ಬಾ, ಕಲಿಸ್ತೀನಿ."

ನಮ್ಮ ಮತದವರು ಮಾಡದ ಜಪ; ಹಾಗಾಗಿ ಯಜಮಾನರು ಊಟಕ್ಕೆ ಹೋದಾಗ ಕಲಿಯುತ್ತಿದ್ದೇನೆ. ಇನ್ನೂ ಎರಡನೆಯ ಸಾಲಿನಲ್ಲೇ ಇದ್ದೇನೆ.