ಚಿಕ್ಕಮ್ಮನ ಮೂರನೇ ಸಿಡಿ

ನಮ್ಮ ಚಿಕ್ಕಮ್ಮ ದರ್ಜಿ. ಅವಳ ಬಾಯಲ್ಲಿ ಸದಾ ಎರಡು ಗುಂಡುಪಿನ್ನು, ಕೊರಳಲ್ಲಿ ಅಳತೆ ಟೇಪು. ಪಿನ್ನು ಕಚ್ಚಿಕೊಂಡೇ ಬೈಯಬಲ್ಲಳು, ನಗಬಲ್ಲಳು, ಫೋನಿನಲ್ಲಿ ಅಕ್ಕನ ಜೊತೆ, ಅಂದರೆ ನಮ್ಮಮ್ಮನ ಜೊತೆ, ಗಂಟೆಗಟ್ಟಲೆ ಹರಟಬಲ್ಲಳು. ಹೊಲಿಯುವಾಗ ಒಳಗೆ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಡದಿದ್ದರೆ ಅವಳಿಗೆ ಸಮಾಧಾನವಿಲ್ಲ. "ಮನುಷ್ಯ ಇವತ್ತು ಇದ್ದ ಹಾಗೆ ನಾಳೆ ಇರಲ್ಲ ಕಣೇ, ದಪ್ಪ ಆಗ್ತಾನೆ" ಅನ್ನುತ್ತಾಳೆ.

ಗಿರಾಕಿಗಳ ಅಳತೆಯನ್ನೆಲ್ಲ ಕಂಪ್ಯೂಟರಿಗೆ ಹಾಕಿದ ಮೇಲೂ ಆ ಬುದ್ಧಿ ಹೋಗಲಿಲ್ಲ. ತಿಂಗಳಿಗೊಂದು ಭಾನುವಾರ ಅದರಲ್ಲಿರುವುದನ್ನೆಲ್ಲ ಐದು ಸಿಡಿಗಳಿಗೆ ಇಳಿಸುತ್ತಾಳೆ, ಅದೂ ಎರಡೆರಡು ಪ್ರತಿ. ಒಂದು ಕಟ್ಟು ಅವಳ ಬೀರುವಿನಲ್ಲಿ, ಇನ್ನೊಂದು ಎರಡು ಬೀದಿ ಆಚೆಗಿನ ನಮ್ಮ ಮನೆಯಲ್ಲಿ. ಸಿಡಿ ತಯಾರಾಗುವಷ್ಟು ಹೊತ್ತು ಯಾರೂ ಮಿಕ್ಸಿ ಹಾಕಬಾರದು, ಬಾಗಿಲು ದಡಾರನೆ ಮುಚ್ಚಬಾರದು; ಚಿಕ್ಕಪ್ಪ ಸೀನುವುದಕ್ಕೂ ವರಾಂಡಕ್ಕೆ ಹೋಗಬೇಕು. ಇದನ್ನು ಕಂಡು ನಾನು ನಕ್ಕಿದ್ದೇ ನಕ್ಕಿದ್ದು.

ಹೋದ ತಿಂಗಳು ಒಂದು ಬುಧವಾರ ಕಂಪ್ಯೂಟರ್ ಕೈಕೊಟ್ಟಿತು. ಹೊಲಿಗೆಗೆ ಕೈಜೋಡಿಸಲು ರಜೆ ಹಾಕಿ ನಾನೂ ಅಲ್ಲಿಗೆ ಹೋಗಿದ್ದೆ. ರಿಪೇರಿಯವನು ಬಂದು, "ಹಾರ್ಡ್ ಡಿಸ್ಕ್ ಹೋಗಿದೆ ಮೇಡಂ. ಹೊಸದು ಹಾಕ್ತೀನಿ, ಆದ್ರೆ ಒಳಗಿದ್ದಿದ್ದು ಬರಲ್ಲ" ಅಂದ. ಶನಿವಾರ ಸಂಜೆಗೆ ನಾಟಕ ತಂಡವೊಂದಕ್ಕೆ ಹನ್ನೆರಡು ಕೋಟು ಕೊಡಬೇಕಿತ್ತು, ಅವರ ಅಳತೆಯೆಲ್ಲ ಅದರಲ್ಲೇ ಇತ್ತು, ಬಟ್ಟೆ ಇನ್ನೂ ಕತ್ತರಿಸಿರಲಿಲ್ಲ. ನಟರೆಲ್ಲ ಊರೂರು ಸುತ್ತುತ್ತಿದ್ದರು. ಬರುವುದೇ ಶನಿವಾರ ಮಧ್ಯಾಹ್ನ. ಫೋನ್ ಮಾಡಿ ಕೇಳಿದರೆ ಒಬ್ಬೊಬ್ಬನೂ ಹತ್ತು ವರ್ಷದ ಹಿಂದಿನ ಸೊಂಟದ ಅಳತೆ ಹೇಳಿದ. ಚಿಕ್ಕಮ್ಮ ಜಗ್ಗಲಿಲ್ಲ. ಹೊಸ ಡಿಸ್ಕ್ ಹಾಕಿಸಿ, ಗತ್ತಿನಿಂದ ಬೀರು ತೆಗೆದಳು.

ಅಲ್ಲೇ ಎಡವಟ್ಟಾಗಿದ್ದು. ಪ್ರತಿ ಸಿಡಿಗೂ ಅವಳು ಚೂರುಬಟ್ಟೆಯಲ್ಲಿ ಚೀಲ ಹೊಲಿದಿದ್ದಳು. ನಂಬರಿನ ಚೀಟಿಯನ್ನು ಅದಕ್ಕೆ ಗುಂಡುಪಿನ್ನಿನಿಂದ ಚುಚ್ಚಿದ್ದಳು. ಒಂದು, ಎರಡು ಸಲೀಸಾಗಿ ಓಡಿದವು. ಮೂರನೆಯದು ಗರಗರ ತಿರುಗಿ ನಿಂತುಬಿಟ್ಟಿತು. ಹೊರಗೆ ತೆಗೆದು ನೋಡಿದರೆ ಪಿನ್ನು ಉದ್ದಕ್ಕೂ ಗೀರು ಎಳೆದಿತ್ತು. ಅದನ್ನು ಓದದ ಹೊರತು ಕಂಪ್ಯೂಟರ್ ಮುಂದಿನದನ್ನು ಕೇಳುವುದೇ ಇಲ್ಲ.

"ಹೋಗ್ಲಿ ಬಿಡು. ನಿಮ್ಮನೇಲಿ ಇನ್ನೊಂದು ಕಟ್ಟು ಇದೆಯಲ್ಲ, ತಗೊಂಡು ಬಾ" ಅಂದಳು ನನಗೆ.

ಇವನ್ನು ಯಾವ ಕಾಲಕ್ಕೆ ಯಾರು ಕೇಳುತ್ತಾರೆ ಅಂದುಕೊಂಡು ಆ ಕಟ್ಟನ್ನು ಬಿಚ್ಚಿದವಳು ನಾನೇ. ತಾರಸಿಯ ಗಿಡಗಳಿಗೆ ಹಕ್ಕಿಗಳ ಕಾಟ ತಾಳಲಾರದೆ, ಹಿಂದಿನ ಭಾನುವಾರವಷ್ಟೇ ಹೊಳಪಿಗೆ ಹೆದರಿ ಹೋಗಲೆಂದು ಐದಕ್ಕೂ ದಾರ ಕಟ್ಟಿ ನೇತುಹಾಕಿದ್ದೆ.

"ಚಿಕ್ಕಮ್ಮ, ಅವು... ಗಿಡದಲ್ಲಿವೆ."

"ಯಾವ ಗಿಡ?"

"ಟೊಮೆಟೊ."

ಅವಳು ಬಾಯಿಂದ ಪಿನ್ನುಗಳನ್ನು ತೆಗೆದಳು. ಪಿನ್ನು ತೆಗೆದು ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. "ಓಡು" ಅಂದಳು, ಅಷ್ಟೇ.

ಬಿದ್ದೆನೋ ಕೆಟ್ಟೆನೋ ಎಂದು ಓಡಿ, ಐದನ್ನೂ ಬಿಚ್ಚಿ ತಂದೆ. ಸಿಡಿಗಳ ಮೇಲೆಲ್ಲ ಧೂಳು, ಹಕ್ಕಿ ಹಿಕ್ಕೆ. ನಂಬರಿದ್ದದ್ದು ಚೀಲದ ಚೀಟಿಯಲ್ಲಿ, ಈಗ ಯಾವುದು ಎಷ್ಟನೆಯದೆಂದು ತಿಳಿಯುವಂತಿರಲಿಲ್ಲ. ಚಿಕ್ಕಮ್ಮ ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೂ ಮಗುವಿನ ಮುಖ ಒರೆಸುವ ಹಾಗೆ ಒರೆಸಿದಳು. ಮೊದಲು ಹಾಕಿದ್ದಕ್ಕೆ ಕಂಪ್ಯೂಟರ್ ಇದು ಮೂರನೆಯದಲ್ಲ ಅಂದಿತು. ಇನ್ನೊಂದಕ್ಕೂ ಅದೇ ಮಾತು, ಮತ್ತೊಂದಕ್ಕೂ ಅದೇ. ನನಗೆ ಅಳುವೇ ಬಂತು. ನಾಲ್ಕನೆಯ ಸಲ ಹಾಕಿದ್ದು ತಿರುಗಿತು, ತಡವರಿಸಿತು, ಮತ್ತೆ ತಿರುಗಿತು. ಪರದೆಯ ಹಸಿರು ಪಟ್ಟಿ ತೆವಳುವುದನ್ನು ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ವರಾಂಡದಲ್ಲಿ ಚಿಕ್ಕಪ್ಪ ಮೂಗು ಹಿಡಿದು ನಿಂತಿದ್ದರು. ಕೊನೆಗೆ ನಾಲ್ಕನೇ ಸಿಡಿ ಹಾಕಿ ಎಂದು ಪರದೆ ಕೇಳಿದಾಗ ಚಿಕ್ಕಮ್ಮ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು, ಚಿಕ್ಕಪ್ಪ ಮನಸಾರೆ ಸೀನಿದರು.

ಶನಿವಾರ ಹನ್ನೊಂದು ಕೋಟುಗಳು ಹೇಳಿ ಮಾಡಿಸಿದ ಹಾಗೆ ಕೂತವು. ಹನ್ನೆರಡನೆಯವನು ದಪ್ಪಗಾಗಿದ್ದ, ಅವನಿಗೆ ಒಳಗೆ ಬಿಟ್ಟಿದ್ದ ಬಟ್ಟೆ ಬಿಚ್ಚಿದರೆ ಸಾಕಾಯಿತು.

ಚಿಕ್ಕಮ್ಮ ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ನನಗೇ ಹಗುರಾಗುತ್ತಿತ್ತು. ಈ ಭಾನುವಾರ ನಮ್ಮ ಮನೆಗೆ ಹೊಸ ಕಟ್ಟು ಬಂತು. ಚೀಲಗಳಿಗೆ ಪಿನ್ನಿಲ್ಲ, ನಂಬರನ್ನು ದಾರದಲ್ಲೇ ಕಸೂತಿ ಹಾಕಿದ್ದಾಳೆ. ಪ್ರತಿಯೊಂದರ ಕೆಳಗೂ ಕೆಂಪು ನೂಲಿನಲ್ಲಿ 'ಹಕ್ಕಿಗಳಿಗಲ್ಲ' ಎಂದಿದೆ. ನಗು ಬಂತು, ಕಣ್ಣೂ ತುಂಬಿತು. ಎಲ್ಲಕ್ಕಿಂತ ಕೆಳಗೆ ಆರನೆಯ ಚೀಲವೊಂದಿತ್ತು. ಅದರಲ್ಲಿ ಗೀರು ಬಿದ್ದ ಆ ಮೂರನೇ ಸಿಡಿ. ಗಿಡಕ್ಕೆ ನೇತುಹಾಕಲು ದಾರವನ್ನೂ ಪೋಣಿಸಿ ಇಟ್ಟಿದ್ದಳು.