ಜೀನ್ಸ್ ಬಣ್ಣವೆಂದು ಉಜ್ಜಿದ್ದು

ಹೊಲಿಯುವ ಮೊದಲು, ಕತ್ತರಿಸಿದ ಜೀನ್ಸ್ ಬಟ್ಟೆಯ ಎಡಗಾಲಿಗೆ ಬಲಗಾಲು ಜೋಡಿಸಿ ಕಟ್ಟು ಕಟ್ಟಬೇಕು. ಆ ದಿನ ಅವ್ವ ಕಟ್ಟಿದ ಕಟ್ಟಿನಲ್ಲಿ ಎಲ್ಲವೂ ಎಡಗಾಲೇ. ನಾನು ನಕ್ಕೆ, ಅವಳೂ ನಕ್ಕಳು. ಮಾರನೆಯ ದಿನವೂ ಹಾಗೇ ಕಟ್ಟಿದಾಗ ನಗು ಬರಲಿಲ್ಲ.

ಗುಡಿಬಂಡೆ ಕಡೆಯ ಹಿಪ್ಪುನೇರಳೆ ತೋಟದ ಕೂಲಿ ಬಿಟ್ಟು ನಾನು, ನನ್ನ ಗಂಡ, ಅವ್ವ ರಾಯದುರ್ಗಕ್ಕೆ ಜೀನ್ಸ್ ಹೊಲಿಯಲು ಬಂದು ಹತ್ತು ವರ್ಷವಾಗಿತ್ತು. ನಾನು ಮಿಷಿನ್ ಮೇಲೆ. ಅವ್ವ ನನ್ನ ಕಾಲ ಬಳಿ ಕೂತು ದಾರದ ತುದಿ ಕತ್ತರಿಸುತ್ತಿದ್ದಳು. ಕಟ್ಟು ಕಟ್ಟುವುದನ್ನು ಬಿಡಿಸಿದೆ. ದಾರ ಕತ್ತರಿಸುವುದನ್ನು ಅವಳ ಕೈ ಮರೆತಿರಲಿಲ್ಲ. ಹೊಸ ಬಟ್ಟೆಯ ನೀಲಿ ನಮ್ಮೆಲ್ಲರ ಕೈಗೂ ಹತ್ತುತ್ತದೆ. ರಾಶಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುವ ಅವಳಿಗೆ ಮೊಣಕೈ ದಾಟಿ ಹತ್ತುತ್ತಿತ್ತು.

ಬಳ್ಳಾರಿಯ ಡಾಕ್ಟರು ಮಾತ್ರೆ ಬರೆದುಕೊಟ್ಟರು. "ಮರೆವು ನಿಧಾನ ಆಗಬಹುದ್ರಿ. ಹೋಗಿದ್ದು ವಾಪಸ್ ಬರಂಗಿಲ್ಲ" ಅಂದರು. ನನಗೆ ಅಷ್ಟು ಸಾಲಲಿಲ್ಲ. ಅವ್ವ ನನ್ನ ಹೆಸರು ಮರೆಯುವ ದಿನವೊಂದು ಬರುತ್ತದೆಂದು ಹೆದರಿದ್ದೆ. ಮುಂದಿನದನ್ನೆಲ್ಲ ಮಾಡಿಸಿದ್ದು ಆ ಹೆದರಿಕೆಯೇ.

ಪಕ್ಕದ ಮಿಷಿನ್ನಿನ ಶಾಂತಕ್ಕ, "ವಿಟಮಿನ್ ಇ ಕೊಡ್ರಿ. ಮುಪ್ಪು ತಡೀತೈತಂತ, ಫೋನಿನ್ಯಾಗ ನೋಡೀನಿ" ಅಂದಳು. ಹೊಲಿಗೆಯ ಹೆಂಗಸರಿಗೆ ಆ ಹಸಿರು ಕ್ಯಾಪ್ಸೂಲ್ ಹೊಸದಲ್ಲ. ಸೂಜಿಯಿಂದ ಚುಚ್ಚಿ ಮುಖಕ್ಕೆ ಹಚ್ಚಿಕೊಳ್ಳುತ್ತೇವೆ. ಮುಖಕ್ಕೆ ಹಚ್ಚುವುದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಬೆಳಿಗ್ಗೆ ಒಂದು, ಸಂಜೆ ಒಂದು ನುಂಗಿಸಿದೆ. ಒಂದು ದಿನ ಅವ್ವ ತೀರಿಹೋದ ಅಪ್ಪನ ಹೆಸರನ್ನು ತಾನಾಗಿ ಹೇಳಿದಳು. ಕ್ಯಾಪ್ಸೂಲಿನ ಗುಣವೆಂದು ಹಿಗ್ಗಿ ಎರಡೆರಡು ಕೊಡತೊಡಗಿದೆ. ಎದೆಬಡಿತ ತಪ್ಪುತ್ತದೆಂದು ಅವಳು ಮೊದಲಿನಿಂದಲೂ ಬ್ಲಡ್ ಥಿನ್ನರ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿದ್ದೀತೆಂದು ನನಗೆ ಹೊಳೆಯಲಿಲ್ಲ.

ಕೆಲವು ವಾರಗಳಲ್ಲಿ ಅವಳ ತೋಳಿನ ನೀಲಿ ತೊಳೆದರೂ ಹೋಗದಾಯಿತು. ಈ ಸಲದ ಬಟ್ಟೆಯೇ ಸರಿಯಿಲ್ಲವೆಂದು ಬೈದುಕೊಂಡೆ. ಸೋಪು ಹಚ್ಚಿ ತೆಂಗಿನ ನಾರಿನಿಂದ ಉಜ್ಜಿದೆ.

"ನೋಯ್ತೈತೆ ಕಣೇ."

"ಬಣ್ಣ ಕಣವ್ವ, ಸುಮ್ಕಿರು."

ಮೂರು ದಿನ ಹೀಗೆ ಉಜ್ಜಿದೆ.

ನಾಲ್ಕನೆಯ ಬೆಳಿಗ್ಗೆ ಅವಳ ಒಸಡಿನಿಂದ ರಕ್ತ ಬಂತು. ಮುಕ್ಕಳಿಸಿದಷ್ಟೂ ಕೆಂಪು. ನಿಲ್ಲಲಿಲ್ಲ. ಬಳ್ಳಾರಿಗೆ ಓಡಿದೆವು. ಎಮರ್ಜೆನ್ಸಿಯಲ್ಲಿ ನರ್ಸ್ ರಕ್ತ ತೆಗೆಯುವ ಮೊದಲು ಸ್ಪಿರಿಟ್ ಹತ್ತಿಯಿಂದ ಅವ್ವನ ತೋಳು ಒರೆಸಿದಳು. "ಅದು ಜೀನ್ಸ್ ಬಣ್ಣ, ಸಿಸ್ಟರ್" ಅಂದೆ. ಅವಳು ಹತ್ತಿಯನ್ನು ನನ್ನ ಮುಂದೆ ಹಿಡಿದಳು.

ಹತ್ತಿ ಬೆಳ್ಳಗೇ ಇತ್ತು.

ಚರ್ಮದ ಕೆಳಗೆ ರಕ್ತ ಸೋರಿ ನಿಂತಿತ್ತು. ನಾನು ಉಜ್ಜಿದ್ದು ಅದನ್ನು.

ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಹೇಳುವ ಐಎನ್‌ಆರ್ ಮಿತಿ ಮೀರಿತ್ತು. "ಬ್ಯಾರೆ ಏನರ ಕೊಡಾಕತ್ತೀರೇನ್ರಿ?" ಎಂದು ಡಾಕ್ಟರು ಎರಡು ಸಲ ಕೇಳಿದರು. ಎರಡನೆಯ ಸಲಕ್ಕೆ ಚೀಲದಿಂದ ಹಸಿರು ಕ್ಯಾಪ್ಸೂಲ್ ತೆಗೆದು ತೋರಿಸಿದೆ.

"ವಿಟಮಿನ್ ಇ ಮೈಗೆ ಬೇಕ್ರಿ, ಊಟದಾಗ ಬರೋದು ಸಾಕು. ಶೇಂಗಾದಾಗನ ಐತಿ. ಇಷ್ಟು ಕೊಟ್ರ, ಬ್ಲಡ್ ಥಿನ್ನರ್ ಜೊತಿ ಸೇರಿ ರಕ್ತ ನಿಲ್ಲಂಗಿಲ್ಲ. ಮುಪ್ಪು ನಿಲ್ಲಸೋ ಗುಳಿಗಿ ಇನ್ನೂ ಯಾರಿಗೂ ಸಿಕ್ಕಿಲ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವ್ವ ಊರಲ್ಲಿದ್ದಾಗ ಪ್ರತಿ ಸುಗ್ಗಿಗೂ ಶೇಂಗಾ ಕಿತ್ತವಳು, ಹಸಿಕಾಯಿ ಬಿಡಿಸಿ ತಿಂದು ಗಟ್ಟಿಯಾದವಳು. ಅವಳಿಗೆ ನಾನು ಅದನ್ನೇ ಅಂಗಡಿಯಿಂದ ತಂದು ನುಂಗಿಸಿದ್ದೆ.

ತಲೆಯ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆರನೆಯ ದಿನ ಮನೆಗೆ ಕಳಿಸಿದರು. ಅಷ್ಟಕ್ಕೆ ದಿನವೂ ಕೈ ಮುಗಿಯುತ್ತೇನೆ. ಆದರೆ ಮಿಷಿನ್ ತುಳಿಯುವಾಗ ಆ "ನೋಯ್ತೈತೆ" ಕಿವಿಗೆ ಬೀಳುತ್ತದೆ, ನಾನು ತಿರುಗಿ ನೋಡುತ್ತೇನೆ. ಅವಳು ಸುಮ್ಮನೆ ದಾರ ಕತ್ತರಿಸುತ್ತಿರುತ್ತಾಳೆ.

ಈಗ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಅವಳ ಕೈ ಒರೆಸುತ್ತೇನೆ. ನೀಲಿ ಆ ಬಟ್ಟೆಗೆ ಹತ್ತಿದರೆ, ಬಣ್ಣವೇ ಎಂದು ಉಸಿರು ಬಿಡುತ್ತೇನೆ. ಕೆಲವು ದಿನ ಅವಳಿಗೆ ನನ್ನ ಹೆಸರು ಬರುವುದಿಲ್ಲ. "ನನ್ನ ಮಗ್ಳು ಎಲ್ಲೋದ್ಲು?" ಎಂದು ನನ್ನನ್ನೇ ಕೇಳುತ್ತಾಳೆ. ಆದರೆ ತೆಂಗಿನ ನಾರು ಕಂಡರೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಎಲ್ಲ ಮರೆತವಳಿಗೆ ಅದು ನೆನಪಿದೆ.

ನಿನ್ನೆ ನಾರನ್ನು ಒಲೆಗೆ ಹಾಕಿದೆ. ಅವಳು ಅದು ಉರಿಯುವುದನ್ನು ನೋಡುತ್ತಾ ಕೂತಳು. ಆಮೇಲೆ ನನ್ನ ಒದ್ದೆ ಬಟ್ಟೆಯ ಕಡೆಗೆ ತಾನಾಗಿ ಒಂದು ಕೈ ಚಾಚಿದಳು.

"ಮೆಲ್ಲಗೆ ಕಣೇ" ಅಂದಳು.