ನಂದಿ ಕೋಟೆಯ ಮರು ಅಳತೆ

ನಾನು ಸರ್ವೆಯರ್. ಹೆಸರು ಮೋಹನ್‌ಬಾಬು, ವಾಸ ಚಿಕ್ಕಬಳ್ಳಾಪುರ, ಕಚೇರಿ ಶಿಡ್ಲಘಟ್ಟ. ಇಪ್ಪತ್ತೊಂಬತ್ತು ವರ್ಷದಿಂದ ಈ ಸೀಮೆಯ ಹೊಲಗದ್ದೆಗಳನ್ನು ಅಳೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನ್ನ ಅಳತೆಯನ್ನು ಎರಡೂ ಕಡೆಯವರು ಒಪ್ಪಿಕೊಂಡು ನಗುತ್ತಾ ಮನೆಗೆ ಹೋದದ್ದು ನನಗಂತೂ ನೆನಪಿಲ್ಲ. ಜಮೀನು ಕಮ್ಮಿ ಬಂದವನು ಬೈಯುತ್ತಾನೆ. ಜಾಸ್ತಿ ಬಂದವನು ಇನ್ನೂ ಜಾಸ್ತಿ ಬರಬೇಕಿತ್ತು ಎಂದು ಬೈಯುತ್ತಾನೆ. ಅದಕ್ಕೇ ನಾನೊಂದು ಕಟ್ಟಳೆ ಮಾಡಿಕೊಂಡಿದ್ದೇನೆ. ದಾಖಲೆ ಪೂರ್ತಿ ನೋಡದೆ ಚೈನು ಬಿಚ್ಚುವುದಿಲ್ಲ. ಒಂದು ಕಾಗದ ಕಮ್ಮಿ ಇದ್ದರೂ ಅಳತೆಯನ್ನು ಮುಂದಕ್ಕೆ ಹಾಕುತ್ತೇನೆ. ಮುಂದಕ್ಕೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಮೂರು ವರ್ಷದ ಹಿಂದೆ ಕಳವಾರದಲ್ಲಿ, ಬರಬೇಕಾದ ಪಕ್ಕದ ಹೊಲದವನು, ಅಂದರೆ ಬಾಜುದಾರ, ಬಾರದೆ ಹೊಂಗೆ ಮರದ ಕೆಳಗೆ ಕಾಯುತ್ತಾ ಕೂತಿದ್ದಾಗ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ನನ್ನ ವಯಸ್ಸಿನ ಇಬ್ಬರು ಗಂಡಸರು ಒಂದು ದೊಡ್ಡ ಮೇಜಿನ ಮೇಲೆ ಬೆರಳುದ್ದದ ಬೊಂಬೆ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ಹಳೆಯ ಕಾಲದ ಯಾವುದೋ ಯುದ್ಧವನ್ನು ಮತ್ತೆ ಆಡುತ್ತಿದ್ದರು. ದಾಳ ಹಾಕುವುದು, ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸೈನ್ಯ ನಡೆಸುವುದು. ಟೇಪು ಹಿಡಿಯುವುದೂ ಒಂದು ಆಟವಾಗಬಹುದು, ಅಳೆದವನಿಗೆ ಬೈಗುಳದ ಬದಲು ಚಪ್ಪಾಳೆ ಸಿಗಬಹುದು ಎಂಬುದು ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಬಾಜುದಾರ ಬಂದಾಗ ನಾನೇ ಎದ್ದು ಅವನಿಗೆ ನಮಸ್ಕಾರ ಮಾಡಿದೆನಂತೆ.

ಆದರೆ ಆಟಕ್ಕೆ ನಿಯಮದ ಪುಸ್ತಕ ಬೇಕು. ಅದು ಒಂದಲ್ಲ, ನೂರಾರು ಇವೆ, ಒಂದೊಂದಕ್ಕೂ ಒಂದೊಂದು ಮತ. ನಾಲ್ಕನ್ನು ಫೋನಿಗೆ ಇಳಿಸಿಕೊಂಡು, ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತಿದ್ದೆ. ಹಿಂದೆ ನಿಂತಿದ್ದವನೊಬ್ಬ ಹಾಳೆಯ ಮೇಲಿದ್ದ ಫಿರಂಗಿಯ ಚಿತ್ರ ನೋಡಿ, ಇದು ಯಾವ ಕಾಲದ್ದು ಸಾರ್ ಎಂದು ಕೇಳಿದ. ಅವನೇ ಮಧುಸೂದನ್, ಗೌರಿಬಿದನೂರಿನ ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ನನಗಿಂತ ಹದಿನೈದು ವರ್ಷ ಚಿಕ್ಕವನು. ಮನೆಯವರೆಲ್ಲ ಹಾಸನದ ಕಡೆ, ಇವನೊಬ್ಬ ಇಲ್ಲಿ ರೂಮು ಮಾಡಿಕೊಂಡಿದ್ದ. ಇಡೀ ಜಿಲ್ಲೆಯಲ್ಲಿ ಈ ಹುಚ್ಚು ಇದ್ದದ್ದು ನಮ್ಮಿಬ್ಬರಿಗೇ ಎಂದು ಕಾಣುತ್ತದೆ. ಗಡಿಗೆಗೆ ಸರಿಯಾದ ಮುಚ್ಚಳ ಸಿಕ್ಕಿತು ಎಂದಳು ನನ್ನ ಹೆಂಡತಿ ಕವಿತ.

ಮುಂದಿನ ಭಾನುವಾರವೇ ಅವನು ಸ್ಕೂಟರ್ ಹತ್ತಿ ನಮ್ಮ ಮನೆಗೆ ಬಂದ. ಯಾವ ಯುದ್ಧ ಎಂಬುದು ಹತ್ತೇ ನಿಮಿಷದಲ್ಲಿ ತೀರ್ಮಾನವಾಯಿತು. ನಮ್ಮ ಮಹಡಿಯ ಮೇಲೆ ನಿಂತರೆ ನಂದಿ ಬೆಟ್ಟ ಕಾಣುತ್ತದೆ. ೧೭೯೧ರಲ್ಲಿ ಕಂಪನಿಯ ಸೈನ್ಯ ಮುತ್ತಿಗೆ ಹಾಕಿ, ಟಿಪ್ಪುವಿನ ಸಿಪಾಯಿಗಳ ಕೈಯಿಂದ ಕಿತ್ತುಕೊಂಡ ಕೋಟೆ ಅದು. ನಾನು ಕೋಟೆ ಕಾಯುವವನು, ಮಧು ಹತ್ತುವವನು. ಇನ್ನು ಯಾವ ಪುಸ್ತಕದ ನಿಯಮ ಎಂಬುದೊಂದು ಬಾಕಿ ಉಳಿಯಿತು. ಆ ಒಂದು ಬಾಕಿ ಎರಡೂವರೆ ವರ್ಷ ಉಳಿಯಿತು.

ತಪ್ಪು ಪುಸ್ತಕಗಳದ್ದಲ್ಲ. ಮೊದಲನೆಯದು ನೂರ ತೊಂಬತ್ತು ಪುಟ, ಅದರಲ್ಲಿ ಕೋವಿಯ ಮದ್ದು ಒದ್ದೆಯಾದರೆ ಏನು ಮಾಡಬೇಕು ಎಂಬುದಕ್ಕೇ ಹನ್ನೊಂದು ಪುಟ. ಎರಡನೆಯದು ಹನ್ನೆರಡೇ ಪುಟ. ಇಷ್ಟು ತೆಳ್ಳಗಿರುವುದನ್ನು ನಂಬುವುದು ಹೇಗೆ ಎಂದು ಅದನ್ನು ಬದಿಗಿಟ್ಟೆ. ಮೂರನೆಯದರಲ್ಲಿ ಚೀಟಿ ಎತ್ತಬೇಕು, ಚೀಟಿ ಬಾರದ ಸೇನಾಪತಿ ಆಟ ಮುಗಿಯುವವರೆಗೂ ಸುಮ್ಮನೆ ಕೂತಿರಬೇಕು. ಇದಕ್ಕೆ ನಮ್ಮ ಕಚೇರಿಯೇ ಸಾಕಲ್ಲ ಎನಿಸಿತು. ನಾಲ್ಕನೆಯದಕ್ಕೆ ನಾನೂರು ಬೊಂಬೆ ಬೇಕು, ನಮ್ಮ ಊಟದ ಮನೆಗಿಂತ ದೊಡ್ಡ ಮೇಜು ಬೇಕು. ನಿಯಮ ತೀರ್ಮಾನವಾಗದೆ ಎಷ್ಟು ಬೊಂಬೆ ಎಂದು ಹೇಳುವಂತಿಲ್ಲ, ಎಷ್ಟು ಬೊಂಬೆ ಎಂದು ಗೊತ್ತಾಗದೆ ನಿಯಮ ಆರಿಸುವಂತಿಲ್ಲ. ಹುಚ್ಚು ಬಿಡುವವರೆಗೂ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡುವುದಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ನಾನು ಪಹಣಿಯ ಮಾದರಿಯಲ್ಲಿ ಒಂದು ತಖ್ತೆ ಮಾಡಿದೆ. ಹದಿನಾಲ್ಕು ಕಾಲಂ, ಕೊನೆಯದು ಟಿಪ್ಪಣಿ ಬರೆಯುವ ಷರಾ. ಪ್ರತಿ ಭಾನುವಾರ ಮಧು ಬರುವುದು, ಕವಿತ ಕೊಟ್ಟ ಉಪ್ಪಿಟ್ಟು ತಿನ್ನುವುದು, ನಾಲ್ಕು ಪುಸ್ತಕಗಳ ಒಂದೊಂದು ಕಲಮನ್ನು ನಾನು ಓದಿ ವಿವರಿಸುವುದು, ಷರಾ ಕಾಲಮಿನಲ್ಲಿ ‘ಪರಿಶೀಲಿಸುವುದು’ ಎಂದು ಬರೆಯುವುದು. ಅವನು ಒಮ್ಮೆಯೂ ಬೇಸರ ತೋರಿಸಲಿಲ್ಲ. ಆರು ತಿಂಗಳಿಗೊಮ್ಮೆ ಮಾತ್ರ, ಯಾವುದಾದ್ರೂ ಒಂದ್ರಲ್ಲಿ ಶುರು ಮಾಡಣ ಸಾರ್, ತಪ್ಪಾದ್ರೆ ಬದ್ಲಾಯಿಸ್ಕೊಳ್ಳಣ ಎನ್ನುತ್ತಿದ್ದ. ತಪ್ಪಾದರೆ ಬದಲಾಯಿಸುವುದು ಎಂಬ ಮಾತು ಸರ್ವೆಯರನ ಮುಂದೆ ಆಡಬಾರದು. ಅಂದಾಗಲೆಲ್ಲ ಅವನಿಗೆ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದೆ.

ಹೋದ ಮೇ ತಿಂಗಳಲ್ಲಿ ಅವನಿಗೆ ಬೀದರಿಗೆ ವರ್ಗವಾಯಿತು. ಉಳಿದಿದ್ದು ಎರಡೇ ಭಾನುವಾರ.

ಹೋಗುವುದರೊಳಗೆ ಒಂದು ಆಟ ಆಡಿಯೇ ತೀರಬೇಕು ಎಂದು ಅವನಿಗೆ ಮಾತು ಕೊಟ್ಟೆ. ಬೊಂಬೆಗಳನ್ನು ದೂರದೇಶದಿಂದ ತರಿಸಲು ಸಮಯವಿರಲಿಲ್ಲ. ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಕವಿತಳ ತವರು ದಿಬ್ಬೂರಹಳ್ಳಿ, ಅಲ್ಲಿ ನಮ್ಮ ಅತ್ತೆ ಮುನಿಗಂಗಮ್ಮನವರು ರೇಷ್ಮೆ ಹುಳ ಸಾಕುತ್ತಾರೆ. ಗೂಡು ಕೂಡ ಬೆರಳುದ್ದವೇ ಇರುತ್ತದೆ. ತಳಕ್ಕೆ ರಟ್ಟು ಅಂಟಿಸಿದರೆ ನಿಲ್ಲುತ್ತದೆ, ಬಣ್ಣ ಹಚ್ಚಿದರೆ ಸಿಪಾಯಿ. ಸೋಮವಾರ ಹೋಗಿ, ಆಗಷ್ಟೇ ಬಿಡಿಸಿದ್ದ ಗೂಡಿನಲ್ಲಿ ಎಪ್ಪತ್ತನ್ನು ಆರಿಸಿ ತಂದೆ. ಅತ್ತೆ ಬಾಗಿಲವರೆಗೂ ಬಂದು, “ಗೂಡು ಯಾರ್ಗೂ ಕಾಯಲ್ಲ ಅಳಿಯಂದ್ರೇ. ಚೆನ್ನಾಗಿ ಬಿಸ್ಲಿಗೆ ಹಾಕ್ಬಿಡಿ” ಎಂದು ಹೇಳಿ ಕಳಿಸಿದರು.

ಹಾಕಿದೆ, ಒಂದು ದಿನ. ಮಾರನೆಯ ದಿನ ಮೋಡವಿತ್ತು. ಅಷ್ಟರಲ್ಲಿ ಬಣ್ಣ ಹಚ್ಚುವ ಚಟ ಹತ್ತಿ, ಮೂವತ್ತೈದಕ್ಕೆ ಕೆಂಪು ಕೋಟು, ಮೂವತ್ತೈದಕ್ಕೆ ಹುಲಿಪಟ್ಟೆಯ ಅಂಗಿ, ತಲೆಗೆ ಪೇಟ ಎಲ್ಲ ಬರೆದುಬಿಟ್ಟಿದ್ದೆ. ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ ಎಂದು ಷೂ ಡಬ್ಬಿಯಲ್ಲಿಟ್ಟು ಬೀರುವಿನ ಮೇಲಿರಿಸಿದೆ. ಹುಳ ಸಾಕುವವರ ಮನೆಯಲ್ಲಿ ಹುಟ್ಟಿ ಬೆಳೆದ ಕವಿತ ಎರಡು ಸಲ ಎಚ್ಚರಿಸಿದಳು. ಪುಸ್ತಕದ ಕೆಲಸ ಮುಗಿಯಲಿ ಎಂದೆ.

ಆ ಭಾನುವಾರ ಮಧು ಹುರುಪಿನಿಂದ ಬಂದ. ಆದರೆ ಹಿಂದಿನ ದಿನವಷ್ಟೇ ಮೊದಲನೆಯ ಪುಸ್ತಕಕ್ಕೂ ಮೂರನೆಯದಕ್ಕೂ, ಹೆದರಿ ಓಡುವ ಸಿಪಾಯಿ ಯಾವ ಕಡೆಗೆ ಮುಖ ಮಾಡಿ ಓಡಬೇಕು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಇರುವುದು ನನ್ನ ಕಣ್ಣಿಗೆ ಬಿದ್ದಿತ್ತು. ಮುಂದಿನ ವಾರ ಆಡೋಣ ಎಂದೆ. ಅವನು ಉಪ್ಪಿಟ್ಟು ತಿಂದು ಹೋದ. ಆ ಮುಂದಿನ ವಾರವೇ ಅವನ ಕೊನೆಯ ಭಾನುವಾರ.

ಆವತ್ತು ಅತ್ತೆಯೂ ಬಂದಿದ್ದರು. ಮೇಜಿನ ಮೇಲೆ ಬುಟ್ಟಿ ಬೋರಲು ಹಾಕಿ, ಹಸಿರು ದುಪ್ಪಟಿ ಹೊದಿಸಿ ನಂದಿ ಬೆಟ್ಟ ಮಾಡಿದ್ದೆ. ಬೆಂಕಿಪೊಟ್ಟಣಗಳ ಕೋಟೆಗೋಡೆ, ಮಧ್ಯದಲ್ಲಿ ಬಾಗಿಲು. ಮಧು ಎದುರಿಗೆ ಕೂತ. ನಾನು ಗಂಭೀರವಾಗಿ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ.

ಒಳಗೆ ಚಿಟ್ಟೆಗಳು ಪಟಪಟ ಎನ್ನುತ್ತಿದ್ದವು. ಬಿಸಿಲು ಸಾಲದೆ ಒಳಗಿನ ಹುಳ ಸತ್ತಿರಲಿಲ್ಲ. ನನ್ನ ಸೈನ್ಯದ ಮುಕ್ಕಾಲು ಪಾಲು ಪೇಟದ ಜಾಗದಲ್ಲೇ ತಲೆ ತೂತು ಮಾಡಿಕೊಂಡು ಆಚೆ ಬಂದಿತ್ತು. ಬಂದದ್ದಲ್ಲದೆ, ಕಂಪನಿಯ ಕಡೆಯದು ಯಾವುದು, ಟಿಪ್ಪುವಿನ ಕಡೆಯದು ಯಾವುದು ಎಂದು ನೋಡದೆ ಜೋಡಿಯಾಗಿ ಕೂತಿತ್ತು. ಜೋಪಾನವಾಗಿರಲಿ ಎಂದು ನಾನು ಅದೇ ಡಬ್ಬಿಯ ತಳದಲ್ಲಿ ಹದಿನಾಲ್ಕು ಕಾಲಮಿನ ತಖ್ತೆಯನ್ನು ಮಡಿಸಿಟ್ಟಿದ್ದೆ. ಅದರ ಮೇಲೆಲ್ಲ ಮೊಟ್ಟೆ ಇಟ್ಟಿದ್ದವು. ಷರಾ ಕಾಲಂ ಪೂರ್ತಿ ತುಂಬಿತ್ತು.

ಅತ್ತೆ ಬಗ್ಗಿ ನೋಡಿ, “ಸರಿಪೋಯಿಂದಿ” ಎಂದು, ಸರಿಹೋಯ್ತು ಬಿಡಿ ಎನ್ನುವಂತೆ, ತೆಲುಗಿನಲ್ಲಿ ಒಂದೇ ಮಾತು ಹೇಳಿ, ಚಿಟ್ಟೆಗಳನ್ನು ಮೊರಕ್ಕೆ ಎತ್ತಿ ಹಿತ್ತಲಿಗೆ ಒಯ್ದರು. ಕವಿತ ಬಾಯಿಗೆ ಸೆರಗು ಇಟ್ಟುಕೊಂಡು ಅಡುಗೆಮನೆ ಸೇರಿದಳು. ನನಗೆ ನಗುವೂ ಬರಲಿಲ್ಲ, ಕೋಪವೂ ಬರಲಿಲ್ಲ. ಅಳು ಬಂತು. ಎರಡೂವರೆ ವರ್ಷ ನಾನು ನಿಯಮ ಹುಡುಕಿದ್ದೆಲ್ಲ ನಿಯಮಕ್ಕಾಗಿ ಅಲ್ಲ. ಆಡಿದರೆ ಜಗಳವಾಗುತ್ತದೆ, ಎಲ್ಲರಂತೆ ಇವನೂ ನನ್ನ ಅಳತೆ ಸುಳ್ಳು ಎನ್ನುತ್ತಾನೆ, ಆಮೇಲೆ ಭಾನುವಾರ ಬರುವುದಿಲ್ಲ ಎಂಬ ಹೆದರಿಕೆ ಇತ್ತು. ಅದನ್ನು ಅವನ ಮುಂದೆ ಹೇಳಿಯೂ ಬಿಟ್ಟೆ. ಹೇಳಿ, ಆ ನಾಲ್ಕು ಪುಸ್ತಕ ತೆಗೆದುಕೊಂಡು ಹೋಗು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ.

ಮಧು ತಲೆಯಿಲ್ಲದ ಗೂಡುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ನಿಲ್ಲಿಸತೊಡಗಿದ. “ತೂತಾದ್ರೇನು ಸಾರ್, ನಿಂತ್ಕೊತಾವಲ್ಲ” ಎಂದ.

ಹಳೆಯ ಸರ್ವೆ ನೋಟಿಸಿನ ಹಿಂಬದಿಯಲ್ಲಿ ಅವನೇ ನಿಯಮ ಬರೆದ. ಒಂದು ಸರದಿಗೆ ಸಿಪಾಯಿ ಆರು ಇಂಚು ನಡೆಯಬೇಕು. ಎದುರುಬದುರಾದಾಗ ಅತ್ತೆಯ ಚೌಕಾಬಾರದ ಕವಡೆ ಹಾಕಬೇಕು, ಯಾರಿಗೆ ಹೆಚ್ಚು ಬಿತ್ತೋ ಅವರ ಗೂಡು ನಿಲ್ಲುತ್ತದೆ, ಇನ್ನೊಬ್ಬರದು ಉರುಳುತ್ತದೆ. ಹತ್ತು ಸರದಿಯೊಳಗೆ ಒಬ್ಬ ಕೆಂಪು ಕೋಟಿನವನು ಬಾಗಿಲು ಮುಟ್ಟಿದರೆ ಕೋಟೆ ಅವನದು. ಅಷ್ಟೇ. ನೂರ ತೊಂಬತ್ತು ಪುಟ ಮೂರು ಸಾಲಿಗೆ ಇಳಿಯಿತು.

ಆ ಮೂರು ಗಂಟೆ ನಾನು ಹುಡುಗನಾಗಿದ್ದೆ. ಕೂಗಾಡಿದೆ, ಕವಡೆಗೆ ಮುತ್ತು ಕೊಟ್ಟೆ, ಅತ್ತೆ ನನ್ನ ಕಡೆಗಿದ್ದಾರೋ ಅವನ ಕಡೆಗಿದ್ದಾರೋ ಎಂದು ತಕರಾರು ತೆಗೆದೆ. ಹತ್ತನೆಯ ಸರದಿಯ ಹೊತ್ತಿಗೆ ಬೆಟ್ಟದ ಮೇಲೆ ಉಳಿದಿದ್ದು ಮಧುವಿನ ಒಂದೇ ಒಂದು ಕೆಂಪು ಗೂಡು. ಅದಕ್ಕೂ ಬಾಗಿಲಿಗೂ ನಡುವೆ ಆರು ಇಂಚು ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. ನಾನು ಟೇಪು ಎಳೆದೆ. ಆರೂವರೆ ಬಂತು.

ನೀನೇ ನೋಡು ಮಧು, ಬೇಕಾದರೆ ಇನ್ನೊಂದು ಸಲ ಹಿಡಿಯುತ್ತೇನೆ ಎಂದೆ. ಅವನು ಬಗ್ಗಲೂ ಇಲ್ಲ.

“ನೀವು ಅಳ್ದಿದ್ದೀರಲ್ಲ ಸಾರ್, ಮುಗೀತು. ಕೋಟೆ ನಿಮ್ದೇ” ಎಂದು ಕೈಕುಲುಕಿದ. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ಬುಧವಾರ ಅವನು ಬೀದರಿಗೆ ಹೋದ.

ಗುರುವಾರ ಸಂಜೆ ಮೇಜು ತೆರವು ಮಾಡಲು ಕವಿತ ಹೇಳಿದಳು. ಟೇಪು ಕೈಗೆತ್ತಿಕೊಂಡವನು ಹಾಗೇ ನಿಂತುಬಿಟ್ಟೆ. ಆ ಟೇಪಿನ ತುದಿಯ ಒಂದು ಇಂಚು ಮುರಿದು ಎಷ್ಟೋ ವರ್ಷವಾಯಿತು. ಅದರಲ್ಲಿ ಎಷ್ಟು ಬಂದರೂ ಒಂದು ಕಳೆಯಬೇಕು. ಕಚೇರಿಗೆ ಹೊಸದಾಗಿ ಬಂದವರಿಗೆಲ್ಲ ನಾನು ಹೇಳಿಕೊಡುವ ಮೊದಲ ಪಾಠ, ಟೇಪಿನ ತುದಿ ನೋಡಿ ಎಂಬುದು. ಆವತ್ತು ಗೆಲ್ಲುವ ಆತುರದಲ್ಲಿ ನಾನೇ ನೋಡಿರಲಿಲ್ಲ. ಮತ್ತೆ ಹಿಡಿದು ಒಂದು ಕಳೆದೆ. ಐದೂವರೆ. ಕೋಟೆ ಭಾನುವಾರವೇ ಬಿದ್ದುಹೋಗಿತ್ತು.

ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ನನ್ನನ್ನು ನಂಬಿದ ಒಬ್ಬನೇ ಒಬ್ಬನಿಗೂ ನಾನು ತಪ್ಪು ಅಳತೆ ಕೊಟ್ಟೆನಲ್ಲ ಎಂದು ಹೇಳಿಕೊಂಡೆ. ಕೋಟೆ ನಿನ್ನದು ಎಂದೆ. ಆ ಕಡೆಯಿಂದ ಬಹಳ ಹೊತ್ತು ನಗುವೇ ಕೇಳಿಸಿತು.

“ಹಂಗೆಲ್ಲ ಫೋನಲ್ಲಿ ಕೊಟ್ರೆ ನಾನು ತಗೊಳ್ಳಲ್ಲ ಸಾರ್. ಮರು ಅಳತೆ ಆಗ್ಬೇಕು. ಎರಡೂ ಕಡೆಯೋರು ಇರ್ಬೇಕು ಅಂತ ನೀವೇ ಹೇಳ್ತಿದ್ರಲ್ಲ. ನೋಟಿಸ್ ಕಳ್ಸಿ, ದಸರಾ ರಜಕ್ಕೆ ಬರ್ತೀನಿ.”

ಅದೇ ರಾತ್ರಿ ನೋಟಿಸು ಬರೆದೆ. ಅಳತೆಯ ಸ್ಥಳ, ನಂದಿ ಕೋಟೆ, ಊಟದ ಮೇಜು. ಮರು ಅಳತೆ ಆಗುವವರೆಗೆ ಸ್ಥಳದಲ್ಲಿ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ. ಬಾಜುದಾರರ ರುಜು ಬೇಕಲ್ಲ, ಕವಿತಳ ಮುಂದಿಟ್ಟೆ. ಅವಳು ಎರಡು ಸಲ ಓದಿ, ರುಜು ಹಾಕಿ, ಷರಾದಲ್ಲಿ ‘ದಸರಾವರೆಗೆ ಮಾತ್ರ’ ಎಂದು ಬರೆದಳು. ಅವತ್ತಿನಿಂದ ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ.

ಮಾರನೆಯ ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಮಾಡುವಾಗ ಲಕೋಟೆಯ ಮೇಲೆ ಬೀದರ್ ಎಂದು ಬರೆಯಬೇಕಾಯಿತು. ಎರಡೂವರೆ ವರ್ಷ ಯಾರೂ ಕರೆಯದೆಯೇ ಪ್ರತಿ ಭಾನುವಾರ ಬಂದು ಕೂತವನು. ಆಗ ಮುಂದಕ್ಕೆ ಹಾಕಿದ್ದು ನಾನೇ. ನೋಟಿಸಿನಲ್ಲಿ ದಿನಾಂಕದ ಜಾಗವನ್ನು ಈ ಸಲ ಖಾಲಿ ಬಿಟ್ಟಿಲ್ಲ.